ನೂಲಿಲ್ಲದ ಮಗ್ಗ

ಪ್ರಾರ್ಥನೆಗೆ ಕೂತರೂ ನನ್ನ ಕೈ ಸುಮ್ಮನಿರುವುದಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತೇನೆ, ಬಿಚ್ಚುತ್ತೇನೆ, ಮತ್ತೆ ಸುತ್ತುತ್ತೇನೆ. "ಈ ವಯಸ್ಸಿನಾಗೂ ನಮ್ಮತ್ತಿ ಒಂದು ಗಳಿಗಿ ಖಾಲಿ ಕುಂಡ್ರೂದಿಲ್ಲ ನೋಡ್ರಿ" ಎಂದು ಸೊಸೆ ಬಂದವರೆದುರು ಹೊಗಳುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಹೊಗಳುವಂಥದ್ದು ಅದರಲ್ಲಿ ಏನಿದೆ, ಮಣ್ಣು? ಅದೊಂದು ರೋಗ. ಯಾರಿಂದ ಹತ್ತಿತು, ಯಾವಾಗ ಹತ್ತಿತು, ಎಲ್ಲಾ ಗೊತ್ತಿದ್ದೂ ಬಿಡಿಸಿಕೊಳ್ಳಲಾಗಲಿಲ್ಲ. ಹತ್ತಿದ್ದು ನನ್ನ ಅಪ್ಪನಿಂದ.

ನಮ್ಮದು ಕುಷ್ಟಗಿ ತಾಲೂಕಿನಲ್ಲಿ ಹನುಮಸಾಗರದ ದಾರಿಗೆ ಸಿಗುವ ಒಂದು ಊರು. ಆಗ ನಿಜಾಮರ ಆಳ್ವಿಕೆ. ಊರಿನ ಒಂದು ಓಣಿ ಪೂರಾ ನೇಕಾರರದು, ಅದರ ತುದಿಗೆ ಕ್ರೈಸ್ತರ ಮನೆಗಳು ಐದು, ಮಣ್ಣಿನ ಮಾಳಿಗೆಯ ಒಂದು ಪ್ರಾರ್ಥನೆಯ ಕೋಣೆ. ಅಪ್ಪ ಸೀರೆ ನೇಯುತ್ತಿದ್ದ. ಪಡಸಾಲೆಯ ನೆಲದಲ್ಲಿ ಮೊಳಕಾಲುದ್ದ ಅಗೆದ ಕುಣಿ. ಅದರಲ್ಲಿ ಕಾಲು ಇಳಿಬಿಟ್ಟು ಕೂತರೆ ತುಳಿಯುವ ಹಲಗೆ ಕಾಲಡಿಗೆ, ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ಕೈಗೆ, ನೂಲನ್ನು ಬಡಿದು ಕೂರಿಸುವ ಹಲಗೆ ಎದೆಯ ಮುಂದೆ. ನಾನು ಹತ್ತು ವರ್ಷದವಳಿದ್ದಾಗ ಅವ್ವ ಕಾಲರಾ ಬಂದು ಹೋದಳು. ಅಂದಿನಿಂದ ಕಂಡಿಕೆ ಸುತ್ತುವ ಕೆಲಸ ನನ್ನದಾಯಿತು. ಲಾಳಿಯ ಹೊಟ್ಟೆಯಲ್ಲಿ ಇಡುವ ನೂಲಿನ ಸಣ್ಣ ಉರುಳೆಗೆ ಕಂಡಿಕೆ ಎನ್ನುತ್ತಾರೆ. ಬೆಳಗಿನಿಂದ ರಾಟೆ ತಿರುಗಿಸಿ ಸುತ್ತಿ ಸುತ್ತಿ ಬುಟ್ಟಿ ತುಂಬಿಸಬೇಕು, ಅಪ್ಪ ಅದನ್ನು ಖಾಲಿ ಮಾಡಬೇಕು.

ಅಪ್ಪ ಹುಟ್ಟಾ ದುಡಿಮೆಗಾರನೇನಲ್ಲ. ಅವನೇ ಹೇಳುತ್ತಿದ್ದ. ದೀಕ್ಷಾಸ್ನಾನಕ್ಕೆ ಮುಂಚೆ ಊರ ಹೊರಗಿನ ಸಿಂದಿ ಅಂಗಡಿಯೇ ಅವನ ಮನೆ. ಮಗ್ಗದ ಮೇಲೆ ಜೇಡ ಬಲೆ ಕಟ್ಟಿದ್ದರೂ ಹಗಲು ಹೊತ್ತಿನಲ್ಲೇ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದನಂತೆ. ಕ್ರಿಸ್ತನ ಕಡೆ ತಿರುಗಿದ ದಿನವೇ ಸಿಂದಿ ಬಿಟ್ಟ, ಅದರ ಜೊತೆಗೆ ಸುಮ್ಮನೆ ಕೂರುವುದನ್ನೂ ಬಿಟ್ಟ. ಓಣಿಯ ಮಂದಿ "ಜ್ವಾಳದ ಆಸೆಗೆ ಕುಲಾ ಬಿಟ್ಟಾನ" ಎಂದು ಆಡಿಕೊಂಡರು. ಅಪ್ಪ ಯಾರಿಗೂ ಬಾಯಿಂದ ಉತ್ತರ ಕೊಡಲಿಲ್ಲ. ಎಲ್ಲರಿಗಿಂತ ಮೊದಲು ಕುಣಿಗೆ ಇಳಿದು ಎಲ್ಲರಿಗಿಂತ ಕಡೆಗೆ ಮೇಲೆ ಬರುತ್ತಿದ್ದ, ಅಷ್ಟೇ.

ನಾನು ಎರಡು ನಿಮಿಷ ಹೊಸ್ತಿಲ ಮೇಲೆ ಕೂತು ಬೀದಿ ನೋಡಿದರೆ ಸಾಕು, ಕುಣಿಯೊಳಗಿಂದ ದನಿ ಬರುತ್ತಿತ್ತು. "ಯವ್ವಾ, ಕೈ ಏನ್ ಮಾಡಾಕತ್ತಾವ?" ಬೈಗುಳವಲ್ಲ ಅದು, ಪ್ರೀತಿಯಿಂದಲೇ ಕೇಳುತ್ತಿದ್ದ. ಆದರೆ ಆ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಕೈಗಳು ತಾವಾಗಿಯೇ ಏನನ್ನಾದರೂ ಹುಡುಕಿಕೊಳ್ಳುತ್ತಿದ್ದವು. ಜೋಳ ಹಸನು ಮಾಡಬೇಕು, ಹರಿದ ಕೌದಿ ಹೊಲಿಯಬೇಕು, ಏನೂ ಇಲ್ಲವೆಂದರೆ ಗುಡಿಸಿದ ಅಂಗಳವನ್ನೇ ಮತ್ತೊಮ್ಮೆ ಗುಡಿಸಬೇಕು.

ಭಾನುವಾರ ಮಾತ್ರ ಮಗ್ಗ ನಿಲ್ಲುತ್ತಿತ್ತು. ಕುಷ್ಟಗಿಯಿಂದ ಉಪದೇಶಿಗಳು ಸೈಕಲ್ ತುಳಿದು ಬರುತ್ತಿದ್ದರು. ನಾವು ಅವರನ್ನು ಅಯ್ಯನವರು ಎನ್ನುತ್ತಿದ್ದೆವು. ಸೋಮಾರಿತನವೆಂದರೆ ದೇವರ ಮನೆಯಲ್ಲಿ ಮಾಡಿದ ಕಳವು, ಆತ ಕೊಟ್ಟ ಹಗಲನ್ನು ನಾವು ಕದ್ದಂತೆ ಎನ್ನುವುದು ಅವರ ಮೆಚ್ಚಿನ ಬೋಧನೆ. ಅದನ್ನು ಹೇಳುವಾಗಲೆಲ್ಲ ಅಪ್ಪನ ಕಡೆ ಕೈ ತೋರಿಸುತ್ತಿದ್ದರು. "ಇವರ ಮಗ್ಗದ ಸಪ್ಪಳ ಕೇಳ್ರಿ. ನಾ ಬಾಯಿಲೆ ಹೇಳೂದನ್ನ ಅದು ಆರು ದಿನ ಹೇಳತೈತಿ." ಅಪ್ಪ ತಲೆ ತಗ್ಗಿಸುತ್ತಿದ್ದ. ಪ್ರಾರ್ಥನೆ ಮುಗಿಸಿ ಮನೆಗೆ ಬಂದ ಮೇಲೆ ಅವನಿಗೆ ಕೂರಲೂ ಆಗುತ್ತಿರಲಿಲ್ಲ, ಮಲಗಲೂ ಆಗುತ್ತಿರಲಿಲ್ಲ. ಪಡಸಾಲೆಯಲ್ಲಿ ಅತ್ತಿಂದಿತ್ತ ಅಡ್ಡಾಡುತ್ತ ಸೂರ್ಯ ಮುಳುಗುವುದನ್ನೇ ಕಾಯುತ್ತಿದ್ದ. ವಿಶ್ರಾಂತಿಯ ದಿನವೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ದಣಿವು. ಅದನ್ನು ಕಂಡು ನಾನು ಮುಸಿಮುಸಿ ನಗುತ್ತಿದ್ದೆ. ನಗುವಂಥದ್ದಲ್ಲ ಎಂದು ಆಗ ಹೊಳೆಯಲಿಲ್ಲ.

ಯುದ್ಧ ಸುರುವಾಗಿ ನೂಲು ಸಿಗುವುದೇ ಕಷ್ಟವಾಗಿದ್ದ ಕಾಲ. ನನಗೆ ಹತ್ತೊಂಬತ್ತು. ತಳಕಲ್ಲಿನ ಕಡೆಯಿಂದ ಬಂದ ಸಂಬಂಧ ಗಟ್ಟಿಯಾಗಿತ್ತು. ಒಂದು ಬೆಳಿಗ್ಗೆ ಅಪ್ಪ ಎಂದಿನಂತೆ ಕುಣಿಗೆ ಇಳಿದ. ನಾಲ್ಕು ಏಟು ಬಡಿದದ್ದು ಕೇಳಿಸಿತು, ಐದನೆಯದು ಕೇಳಿಸಲಿಲ್ಲ. ನಾನು ರಾಟೆ ಬಿಟ್ಟು ತಿರುಗಿ ನೋಡುವಷ್ಟರಲ್ಲಿ ಅವನು ಅರ್ಧ ನೇಯ್ದ ಸೀರೆಯ ಮೇಲೆ ಮುಖವಿಟ್ಟು ಬಿದ್ದಿದ್ದ. ಬಲಗೈ ಇನ್ನೂ ಹಲಗೆ ಹಿಡಿದಿತ್ತು. ನನ್ನ ಕೂಗು ಕೇಳಿ ಪಕ್ಕದ ಮನೆಯ ಮುಸಲ್ಮಾನ ನೇಕಾರ ಓಡಿ ಬಂದ. ಅವನನ್ನು ನಾನು ಸಣ್ಣವಳಿದ್ದಾಗಿನಿಂದ ಕಾಕಾ ಎನ್ನುತ್ತಿದ್ದೆ. ಕಾಕಾನೇ ಅಪ್ಪನನ್ನು ಕುಣಿಯಿಂದ ಎತ್ತಿದ.

ಲಕ್ವಾ ಹೊಡೆದಿತ್ತು. ಎಡಗೈ, ಎಡಗಾಲು ಹೋದವು. ಮಾತು ತೊದಲಿದರೂ ಉಳಿಯಿತು. ಹಕೀಮರ ಎಣ್ಣೆ ತಿಕ್ಕಿದೆವು, ಪಾರಿವಾಳದ ರಕ್ತ ಹಚ್ಚಿರೆಂದರು, ಅದನ್ನೂ ಹಚ್ಚಿದೆವು. ಕಡೆಗೆ ಬಂಡಿ ಕಟ್ಟಿ ಕೊಪ್ಪಳಕ್ಕೆ ಒಯ್ದೆವು. ಅಲ್ಲಿನ ಡಾಕ್ಟರು ಕಾಲಿಗೆ ಸೂಜಿ ಚುಚ್ಚಿ ನೋಡಿ, "ಇದಕ್ಕ ಔಷಧ ಇಲ್ಲವ್ವಾ. ಆರಾಮ ಮಲಗಲಿ, ಅದ ಔಷಧ" ಎಂದರು. ಅಪ್ಪನಿಗೆ ಜಗತ್ತಿನಲ್ಲಿ ಯಾವುದು ಬಾರದೋ ಅದನ್ನೇ ಹುಡುಕಿ ಬರೆದುಕೊಟ್ಟಂತಾಯಿತು.

ಮಗ್ಗದ ಮೇಲಿದ್ದ ಅರ್ಧ ಸೀರೆಯನ್ನು ಕಾಕಾ ತನ್ನ ಕೆಲಸ ಬಿಟ್ಟು ಬಂದು ನಾಲ್ಕು ದಿನ ಕೂತು ಮುಗಿಸಿಕೊಟ್ಟ. ಆ ನಾಲ್ಕು ದಿನ ಅಪ್ಪ ಒಳಕೋಣೆಯ ಹೊರಸಿನ ಮೇಲೆ ಸಪ್ಪಳ ಕೇಳುತ್ತ ಮಲಗಿದ್ದ, ನಿದ್ದೆಯನ್ನೂ ಮಾಡಿದ. ಐದನೆಯ ದಿನ ಮಗ್ಗ ಖಾಲಿ. ಹೊಸ ನೂಲು ನಮ್ಮ ಪಾಲಿಗೆ ಸಿಗಲಿಲ್ಲ, ಸಿಕ್ಕರೂ ನೇಯುವವರಿರಲಿಲ್ಲ. ನಮ್ಮ ಓಣಿಯಲ್ಲಿ ಆಗ ಹೆಂಗಸರು ಕುಣಿಗೆ ಇಳಿಯುತ್ತಿರಲಿಲ್ಲ. ಕಂಡಿಕೆಯ ಆಚೆಗೆ ನನಗೆ ಏನೂ ತಿಳಿಯದು.

"ಮಗ್ಗ ಯಾಕ ಸುಮ್ಮನೈತಿ?" ಎಂದು ಅಪ್ಪ ಕೇಳಿದ.

"ನೂಲು ಬಂದಿಲ್ಲಪ್ಪಾ. ನೀ ಮಕ್ಕೋ."

"ಹೆಂಗ ಮಕ್ಕೊಳ್ಳಲಿ? ಬಿಸಲೇರೈತಿ. ಓಣ್ಯಾಗ ಎಲ್ಲಾರ ಮಗ್ಗ ನಡದಾವ. ನಮ್ಮದೊಂದ ಸತ್ತಾಂಗ ಬಿದ್ದೈತಿ. ಮಂದಿ ಏನಂದಾರು? ಅಂವಾ ಮತ್ತ ಮೊದಲಿನಂಗ ಆದಾ ಅಂತಾರ."

ಮಂದಿಯ ಹೆಸರು ಹೇಳುತ್ತಿದ್ದ, ಆದರೆ ಅವನ ಅಂಜಿಕೆ ಮಂದಿಯದಾಗಿರಲಿಲ್ಲ. ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುವಾಗ ಹೇಳಿಯೇ ಬಿಟ್ಟ. "ಸಿಂದಿ ಕುಡದು ಮಕ್ಕೊಂಡಾವನ್ನ ಎಬ್ಬಿಸಿ ದೇವರು ಕೆಲಸಕ್ಕ ಹಚ್ಚಿದಾ. ಈಗ ಹಿಂಗ ಮಕ್ಕೊಂಡ ಆತನ ಮುಂದ ಹೋದರ, ಬರಿಗೈಲೆ ಬಂದ್ಯಾ ಅಂದರ, ನಾ ಏನ್ ಹೇಳಲಿ?" ನಾನು ಗಂಜಿಯ ಚಮಚವನ್ನು ಬಾಯಿಗೆ ಹಿಡಿದೆ. ಅವನು ಮುಖ ತಿರುಗಿಸಿದ.

ಮರುದಿನ ನಾನು ಬಾವಿಗೆ ಹೋದಾಗ ತಾನೇ ಏಳಲು ಹೋಗಿ ಹೊರಸಿನಿಂದ ಬಿದ್ದ. ಬಂದು ನೋಡುತ್ತೇನೆ, ಹುಬ್ಬು ಒಡೆದು ರಕ್ತ, ಒಂದೇ ಕೈಯಲ್ಲಿ ನೆಲ ಕೆರೆಯುತ್ತ ಪಡಸಾಲೆಯ ಕಡೆ ತೆವಳುತ್ತಿದ್ದಾನೆ. ಕುಣಿಯ ಕಡೆ! ಎತ್ತಿ ಮಲಗಿಸಿದೆ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಸಾಯ್ಬೇಕಂತ ಮಾಡೀ ಏನ್?" ಎಂದು ಹೆತ್ತ ಅಪ್ಪನ ಮೇಲೆ ಚೀರಿದೆ. ಅವನು ಚಿಕ್ಕ ಕೂಸಿನ ಹಾಗೆ ಕಣ್ಣು ಪಿಳಿಪಿಳಿ ಮಾಡಿದ. ನಾನು ಹೊರಗೆ ಬಂದು ಕುಣಿಯ ದಂಡೆಗೆ ಕೂತು ಆ ಖಾಲಿ ಮಗ್ಗವನ್ನು ನೋಡಿದೆ. ಒಳಗೆ ಅಪ್ಪ ನರಳತೊಡಗಿದ. ಸಿಟ್ಟು ಯಾರ ಮೇಲೆ ತೀರಿಸಲಿ? ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ ಕುಣಿಗೆ ಇಳಿದೆ. ಎರಡೂ ಕೈಯಿಂದ ಹಲಗೆ ಹಿಡಿದು ಎಳೆದು ಬಡಿದೆ.

ಒಳಗೆ ನರಳುವುದು ನಿಂತಿತು.

ಮತ್ತೆ ಬಡಿದೆ. ಅಪ್ಪನ ಕಾಲು ನಡೆಸುತ್ತಿದ್ದಂತೆ ತುಳಿಯುವ ಹಲಗೆಗಳನ್ನು ಒಂದಾದ ಮೇಲೊಂದು ತುಳಿದೆ. ಬಟ್ಟೆ ಇಲ್ಲದ್ದರಿಂದ ಏಟಿನ ಸಪ್ಪಳ ಟೊಳ್ಳಾಗಿ ಕೇಳುತ್ತಿತ್ತು. ಹಳೆಯ ಕೌದಿಯ ತುಂಡೊಂದನ್ನು ಮಗ್ಗದ ಮುಂದಿನ ಅಡ್ಡಮರಕ್ಕೆ ಸುತ್ತಿ ಅದರ ಮೇಲೆ ಬಡಿದೆ. ಈಗ ಸರಿಹೋಯಿತು. ಅರ್ಧ ತಾಸಿಗೆ ಒಳಗೆ ಹೋಗಿ ನೋಡಿದರೆ ಅಪ್ಪ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ.

ಎದ್ದ ಮೇಲೆ ಕೇಳಿದ. "ಯಾರು ನೇಯಾಕತ್ತಾರವಾ?"

"ಕಾಕಾ ಬಂದಾನಪ್ಪಾ. ಒಂದಿಷ್ಟು ನೂಲು ಸಿಕ್ಕೈತಿ."

"ಹ್ಞೂ" ಎಂದ. ಮತ್ತೆ ಕಣ್ಣು ಮುಚ್ಚಿದ.

ಹೀಗೆ ಸುರುವಾಯಿತು ನನ್ನ ನೇಕಾರಿಕೆ. ದಿನಾ ಬೆಳಿಗ್ಗೆ ಎರಡು ತಾಸು, ಮಧ್ಯಾಹ್ನ ಎರಡು ತಾಸು ನೂಲಿಲ್ಲದ ಮಗ್ಗ ಬಡಿದೆ. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದವು. ಕಾಕಾ ಒಮ್ಮೆ ಬಾಗಿಲಲ್ಲಿ ಬಂದು ನಿಂತು ನೋಡಿ, ಗಡ್ಡ ನೀವಿಕೊಂಡು, "ಬೇಟಿ, ಇದರಾಗ ಅರಿವಿ ಎಲ್ಲೈತಿ, ನೂಲೆಲ್ಲೈತಿ?" ಎಂದ. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವನು ಒಳಕೋಣೆಯ ಕಡೆ ನೋಡಿ, ತಿಳಿದವನಂತೆ ತಲೆಯಾಡಿಸಿ ಹೋದ. ದುಡಿಯುತ್ತಿದ್ದೇನೆ ಎಂಬ ಸಮಾಧಾನ ನನಗೆ. ದಣಿದು ಮಲಗಿದರೆ ಏನೋ ಮಾಡಿದೆ ಎನ್ನಿಸುತ್ತಿತ್ತು. ಅಪ್ಪನ ಕಾಲಿಗೆ ಜೀವ ಬರಲಿಲ್ಲ, ಗಂಜಿ ಇಳಿಯುವುದೂ ಕಡಿಮೆಯಾಯಿತು, ಬೆನ್ನಿನಲ್ಲಿ ಹುಣ್ಣಾದವು. ಅದಕ್ಕೆಲ್ಲ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹಾಗಾಗಿ ಇನ್ನೂ ಜೋರಾಗಿ ಬಡಿದೆ.

ತೊಂದರೆ ಬಂದದ್ದು ಭಾನುವಾರ. ಮಲಗಿ ಮಲಗಿ ಅಪ್ಪನಿಗೆ ವಾರದ ಲೆಕ್ಕ ತಪ್ಪಿದೆ ಎಂದುಕೊಂಡಿದ್ದೆ. ಸಪ್ಪಳವಿಲ್ಲದ ದಿನ ಅವನು ಹೊರಸಿನ ಮೇಲೆ ಹೊರಳಾಡುತ್ತಿದ್ದ. "ಇವತ್ತ ಐತವಾರಪ್ಪಾ" ಎಂದರೆ "ಹೌದೇನು" ಎನ್ನುತ್ತಿದ್ದ. ಮತ್ತೆ ಹೊರಳಾಟ. ಮೂರು ಭಾನುವಾರ ತಡೆದುಕೊಂಡೆ. ನಾಲ್ಕನೆಯದಕ್ಕೆ ಆಗಲಿಲ್ಲ. ಎಲ್ಲರೂ ಪ್ರಾರ್ಥನೆಗೆ ಹೋಗಿದ್ದರು, ದೂರದಿಂದ ಹಾಡು ಕೇಳುತ್ತಿತ್ತು, ಇತ್ತ ಅಪ್ಪ ಹಲ್ಲು ಕಚ್ಚಿ ನರಳುತ್ತಿದ್ದ. ದೇವರೇ, ನಿನಗೆ ಕೋಪ ಬಂದರೆ ನನ್ನ ಮೇಲೆ ಬರಲಿ, ಇವನನ್ನು ಬಿಡು ಎಂದುಕೊಂಡು ಕುಣಿಗೆ ಇಳಿದೆ.

ಬಡಿಯುವ ಭರದಲ್ಲಿ ಹಾಡು ನಿಂತದ್ದು ನನಗೆ ತಿಳಿಯಲಿಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ಅಯ್ಯನವರು. ಅವರ ಹಿಂದೆ ನಮ್ಮ ಐದು ಮನೆಗಳ ಮಂದಿ. ಅಪ್ಪನಿಗಾಗಿ ಪ್ರಾರ್ಥನೆ ಮಾಡಲು ಬಂದವರು.

"ಏನವ್ವಾ ಇದು?" ಎಂದರು ಅಯ್ಯನವರು. "ಇವತ್ತ ಯಾವ ದಿನ? ಅದೂ ಈ ಮನ್ಯಾಗ?"

ನಾನು ಮಗ್ಗದ ಕಡೆ ಕೈ ತೋರಿಸಿದೆ. ಅಯ್ಯನವರು ಹತ್ತಿರ ಬಂದು ಬಗ್ಗಿ ನೋಡಿದರು. ಒಂದು ಎಳೆ ನೂಲಿಲ್ಲ. ಮರಕ್ಕೆ ಸುತ್ತಿದ ಕೌದಿಯ ತುಂಡು ಏಟು ತಿಂದು ಚಿಂದಿಯಾಗಿದೆ. ಅವರು ಮತ್ತೇನೋ ಹೇಳಲು ಬಾಯಿ ತೆರೆದಾಗ ಒಳಗಿನಿಂದ ಅಪ್ಪ ಕೂಗಿದ.

"ಅಯ್ನೋರ, ಆಕಿನ್ನ ಬೈಬ್ಯಾಡ್ರಿ. ಒಳಗ ಬರ್ರಿ."

ಅಯ್ಯನವರು ಒಳಗೆ ಹೋದರು. ನಾನೂ ಹೋಗಿ ಗೋಡೆಗೆ ನಿಂತೆ. ಉಳಿದವರು ಪಡಸಾಲೆಯಲ್ಲೇ ಉಳಿದರು.

"ನಿಮಗ ತಿಳಿದಿಲ್ರಿ" ಎಂದು ಅಯ್ಯನವರು ಮೆಲ್ಲಗೆ ಸುರು ಮಾಡಿದರು, "ಹೊರಗ ಮಗ್ಗದಾಗ..."

"ನೂಲಿಲ್ಲ" ಎಂದ ಅಪ್ಪ. "ಮೊದಲ ದಿನಾನ ತಿಳೀತ್ರಿ. ಮೂವತ್ತು ವರ್ಷ ನೇಯ್ದಾವಗ ಲಾಳಿ ಓಡೂ ಸಪ್ಪಳ ಇಲ್ಲಂತ ತಿಳಿಯೂದಿಲ್ಲೇನ್ರಿ?"

"ಮತ್ತ ಯಾಕ ಹೇಳಲಿಲ್ಲಪ್ಪಾ?" ಎಂದೆ. "ಮಕ್ಕೋತಿದ್ದಿಯಲ್ಲಾ?"

"ಕಣ್ಣು ಮುಚ್ಚತಿದ್ನಿ. ನೀ ಬಡಿಯೂದು ಬಿಟ್ಟರ ಅಳತಿದ್ದಿ. ಬಡಕೊಂಡ ಇರಲಿ, ಕೂಸಿನ ಜೀವ ಹಗೂರಾಗಲಿ ಅಂತ ಸುಮ್ಮನಾದ್ನಿ." ಅವನು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. "ಐತವಾರ ನನಗ ನೆನಪಿತ್ತವಾ. ನೀ ಸುಮ್ಮ ಇದ್ದ ದಿನ ಬರಿಗೈಲೆ ಬಂದ್ಯಾ ಅನ್ನೂ ಒಳಗಿನ ದನಿ ನನಗ ಕೇಳಸತೈತಿ. ಅದನ್ನ ತಾಳಾಕ ಆಗೂದಿಲ್ಲ."

ಆಮೇಲೆ ಅಯ್ಯನವರ ಕಡೆ ತಿರುಗಿದ. "ಅಯ್ನೋರ, ದುಡೀರಿ ದುಡೀರಿ ಅಂತ ಇಷ್ಟು ವರ್ಷ ಹೇಳಿದ್ರಿ. ನಾನೂ ಕೇಳಿದ್ನಿ. ಕೈಕಾಲು ಬಿದ್ದಾವಗ ದೇವರು ಏನಂತಾನ? ಅದನ್ನೊಂದು ಹೇಳಲೇ ಇಲ್ಲಲ್ರಿ."

ಅಯ್ಯನವರು ಹೊರಸಿನ ಪಕ್ಕ ನೆಲದ ಮೇಲೆಯೇ ಕೂತರು. ಕೈಯಲ್ಲಿನ ಟೋಪಿ ತಿರುಗಿಸಿದರು. "ಬಾ ಅಂತಾನ್ರಿ" ಎಂದರು ಕಡೆಗೆ. "ದಣದಾವಗ ಆತ ಅದನ್ನ ಹೇಳ್ತಾನ."

"ಬರಾಕ ಕಾಲಿಲ್ಲಲ್ರಿ."

ಅಷ್ಟು ಜೋರಾಗಿ ಬೋಧಿಸುತ್ತಿದ್ದ ಮನುಷ್ಯ ಪ್ರಾರ್ಥನೆ ಸುರು ಮಾಡಿ ಎರಡು ಮಾತಿಗೆ ನಿಂತುಬಿಟ್ಟರು. ಹೆಗಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಅಪ್ಪನ ಸತ್ತ ಕೈಯನ್ನು ಹಿಡಿದು ಬಹಳ ಹೊತ್ತು ಹಾಗೆಯೇ ಕೂತರು. ನನಗೆ ಅವರ ಮೇಲೆ ಆ ದಿನ ಇದ್ದ ಸಿಟ್ಟು ಈಗ ಇಲ್ಲ. ಅವರಿಗೂ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಎಲ್ಲರೂ ಹೋದ ಮೇಲೆ ಅಪ್ಪ ನನ್ನನ್ನು ಕರೆದ. "ಇಲ್ಲಿ ಕುಂಡ್ರು. ಮಗ್ಗ ಸಾಕು. ನನ್ನ ಸಂಗಾಟ ಸುಮ್ಮ ಕುಂಡ್ರು."

ಕೂತೆ. ಅವನು ಸರಿಯಿದ್ದ ಬಲಗೈಯಲ್ಲಿ ನನ್ನ ಕೈ ಹಿಡಿದುಕೊಂಡ. ಬೀದಿಯಲ್ಲಿ ಯಾರದೋ ಕತ್ತೆ ಕೂಗಿತು. ಒಲೆಯ ಬೂದಿ ತೆಗೆದಿಲ್ಲವಲ್ಲ ಎಂದು ನೆನಪಾಯಿತು. ಕೊಡದಲ್ಲಿ ನೀರಿದೆಯೋ ಇಲ್ಲವೋ ಎಂದೂ ನೆನಪಾಯಿತು. ಅಪ್ಪ ಕಣ್ಣು ತೆರೆದ.

"ಯವ್ವಾ, ಕೈ ಏನ್ ಮಾಡಾಕತ್ತಾವ?"

ನೋಡಿಕೊಂಡೆ. ಅವನ ಅಂಗೈಯೊಳಗೇ ನನ್ನ ಬೆರಳುಗಳು ಕಂಡಿಕೆ ಸುತ್ತುತ್ತಿದ್ದವು. ಹಿಡಿದು ನಿಲ್ಲಿಸಿದೆ, ಮತ್ತೆ ಸುರುವಾದವು. ನಾನು ನಗಲು ಹೋದೆ. ಅಪ್ಪ ನಗಲಿಲ್ಲ.

"ನನಗ ದುಡಿಯೂದ ಬರತಿತ್ತು, ಅದನ್ನ ನಿನಗ ಕಲಿಸಿದ್ನಿ" ಎಂದ. "ಹಿಂಗ ಸುಮ್ಮ ಕುಂಡ್ರೂದನ್ನ ಕಲಿಸಬೇಕಿತ್ತು. ನನಗ ಬಂದರಲಾ ಕಲಿಸೂದು?"

ಅದಾದ ಮೇಲೆ ನಾಲ್ಕು ದಿನ, ದಿನಾ ಮಧ್ಯಾಹ್ನ, ನಾವಿಬ್ಬರೂ ಅದೊಂದು ಪಾಠ ಹಿಡಿದು ಕೂತೆವು. ನಾನು ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂರುತ್ತಿದ್ದೆ. ಅಪ್ಪ ಮಾಳಿಗೆಯ ತೊಲೆ ನೋಡುತ್ತ, "ಬಾ ಅಂತಾನ, ಬಾ ಅಂತಾನ" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಒಮ್ಮೆ, "ಹೊರಸು ಸಮೇತ ಹೊತ್ಕೊಂಡ ಹೋಗೂದು ಆತಗೇನ್ ಭಾಳಲ್ಲ ಬಿಡು" ಎಂದ. ಆ ಮಾತಿಗೆ ಅವನಿಗೇ ನಗು ಬಂತು. ಲಕ್ವಾ ಹೊಡೆದ ಮೇಲೆ ಅವನು ನಕ್ಕದ್ದು ಅದೊಂದೇ ಸಲ. ಅರ್ಧ ಬಾಯಿಯ ನಗು.

ಗುರುವಾರ ಅಪ್ಪ ಬೇಗ ನಿದ್ದೆ ಹೋದ. ಮಗ್ಗದ ಸಪ್ಪಳವಿಲ್ಲದೆ, ಹೊರಳಾಟವಿಲ್ಲದೆ, ಉಸಿರು ಸಮವಾಗಿ ಆಡುತ್ತಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಎದ್ದು ಓಣಿಯ ತುಂಬ ಹೇಳಿಕೊಂಡು ಬರಬೇಕೆನ್ನಿಸಿತು. ಏಳಲಿಲ್ಲ. ಅವನ ಪಕ್ಕದಲ್ಲೇ ಕೂತಿದ್ದೆ. ಆದರೆ ಅವನು ನಿದ್ದೆ ಮಾಡುತ್ತಿದ್ದಾನಲ್ಲ, ನೋಡುವವರು ಯಾರು ಎಂದು ಕೈಗಳನ್ನು ತೊಡೆಯ ಕೆಳಗಿಂದ ತೆಗೆದೆ. ಮೂಲೆಯಲ್ಲಿ ರಾತ್ರಿಯ ರೊಟ್ಟಿಗೆ ಇಟ್ಟ ಜೋಳದ ಮೊರವಿತ್ತು. ಸಪ್ಪಳವಾಗದಂತೆ ತೊಡೆಯ ಮೇಲೆ ಎಳೆದುಕೊಂಡು ಕಲ್ಲು ಹರಳು ಆರಿಸತೊಡಗಿದೆ. ಆ ಸಲದ ಜೋಳದಲ್ಲಿ ಹರಳು ಭಾಳ. ತಲೆ ಬಗ್ಗಿಸಿ, ಕಣ್ಣಿಟ್ಟು, ಒಂದೊಂದಾಗಿ ಆರಿಸಿದೆ. ಮುಗಿಸಿ ತಲೆ ಎತ್ತಿದಾಗ ಅಪ್ಪನ ಉಸಿರು ನಿಂತಿತ್ತು. ಯಾವಾಗ ನಿಂತಿತೋ ನಾನು ನೋಡಲಿಲ್ಲ. ಅವನ ಬಲಗೈ ಹೊರಸಿನ ಅಂಚಿನಲ್ಲಿ ನನ್ನ ಕಡೆಗೆ ಅಂಗೈ ಬಿಚ್ಚಿಕೊಂಡು ಬಿದ್ದಿತ್ತು. ಮೊರದಲ್ಲಿ ಜೋಳ ಹಸನಾಗಿತ್ತು, ಹುಡುಕಿದರೂ ಒಂದು ಹರಳು ಉಳಿದಿರಲಿಲ್ಲ.